ಕಾನೂನಿಗೆ ಕಾಣದ ಋಣ

ಉಯಿಲಿನ ಮಾತೆತ್ತಿದೊಡನೆ ‘ಬಿಡ್ತು ಅನ್ನಿ’ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಇಂಗ್ಲಿಷಿನ ‘ವಿಲ್’ ಕನ್ನಡಿಗರ ನಾಲಗೆಯ ಮೇಲೆ ಉಯಿಲಾಗಿ ಪಳಗಿತು. ಅದರ ಬಗೆಗಿನ ಅಂಜಿಕೆ ಮಾತ್ರ ಇನ್ನೂ ಹೋಗಿಲ್ಲ. ಮರಣಶಾಸನವೆಂಬ ಇನ್ನೊಂದು ಹೆಸರೂ ಈ ಅಂಜಿಕೆಗೆ ಕಾರಣವಿರಬಹುದು. ಕನ್ನಡ ಪಾಠ ಹೇಳುತ್ತ ಆಯುಷ್ಯ ಕಳೆದ ನನಗೆ ಆ ಹೆಸರಿನಲ್ಲಿ ಮರಣಕ್ಕಿಂತ ಶಾಸನವೇ ಮುಖ್ಯವಾಗಿ ತೋರುತ್ತದೆ.

ನಮ್ಮ ಹಳೆಯ ದಾನಶಾಸನಗಳನ್ನು ನೋಡಿ. ಕೊಟ್ಟವರಾರು, ಪಡೆದವರಾರು, ಭೂಮಿಯ ಎಲ್ಲೆಗಳಾವುವು, ಸಾಕ್ಷಿಗಳಾರು ಎಂಬುದನ್ನು ಕಲ್ಲಿನಲ್ಲಿ ಕೊರೆಸಿ, ದಾನವನ್ನು ಕೆಡಿಸಿದವನಿಗೆ ಶಾಪವನ್ನೂ ಸೇರಿಸುತ್ತಿದ್ದರು. ಶಾಪವೊಂದನ್ನು ಬಿಟ್ಟರೆ ಉಯಿಲಿಗೆ ಬೇಕಾದದ್ದೂ ಇಷ್ಟೇ.

ಉಯಿಲಿಲ್ಲದಿದ್ದರೆ ಹಂಚಿಕೆ ಕಾನೂನಿನ ಕೈ ಸೇರುತ್ತದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ತಾಯಿ, ಹೆಂಡತಿ, ಗಂಡು ಹೆಣ್ಣು ಮಕ್ಕಳಿಗೆಲ್ಲ ಸಮನಾಗಿ ಸಲ್ಲುತ್ತದೆ. ಇದು ನ್ಯಾಯವೇ. ಆದರೆ ಒಬ್ಬ ಉಪಾಧ್ಯಾಯರು ಒಂದೇ ಒಂದು ಮನೆ ಕಟ್ಟಿಸಿ, ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಬಿಟ್ಟು ಹೋದರೆನ್ನಿ. ತಾಯಿ ಮೊದಲೇ ತೀರಿದ್ದರೆ ಆ ಹೆಂಡತಿಯ ಪಾಲು ನಾಲ್ಕರಲ್ಲೊಂದು. ಮಕ್ಕಳಲ್ಲೊಬ್ಬರು ಪಾಲಿಗೆ ಪಟ್ಟು ಹಿಡಿದರೆ, ನಲವತ್ತು ವರ್ಷ ದೀಪ ಹಚ್ಚಿದ ಮನೆಯನ್ನು ಆಕೆ ಮಾರಬೇಕಾದೀತು. ಆ ಮಕ್ಕಳನ್ನು ಎತ್ತಿ ಆಡಿಸಿದ ವಿಧವೆ ಸೋದರತ್ತೆ ಅದೇ ಮನೆಯಲ್ಲಿದ್ದರೆ, ಆಕೆಗೆ ಬಿಡಿಗಾಸೂ ಇಲ್ಲ. ಕಾನೂನಿಗೆ ನಂಟು ಕಾಣುತ್ತದೆ, ಋಣ ಕಾಣುವುದಿಲ್ಲ. ಹೆಂಡತಿ ಜೀವವಿರುವ ತನಕ ಮನೆಯಲ್ಲಿರಲಿ, ಅನಂತರ ಮಕ್ಕಳಿಗೆ ಹೋಗಲಿ, ತಂಗಿಗೆ ಇಷ್ಟು ಹಣ ಸಲ್ಲಲಿ ಎಂದು ಹೇಳಬಲ್ಲವರು ಯಜಮಾನರೊಬ್ಬರೇ. ಅದನ್ನು ಬದುಕಿರುವಾಗಲೇ ಹೇಳಬೇಕು.

ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಕೊಟ್ಟಿದ್ದೇನಲ್ಲ ಎನ್ನುವವರಿದ್ದಾರೆ. ನಾಮಿನಿಯು ಠೇವಣಿಯ ಹಣವನ್ನು ಪಡೆದುಕೊಳ್ಳಬಲ್ಲನೇ ಹೊರತು ಅಷ್ಟರಿಂದಲೇ ಅದರ ಒಡೆಯನಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ.

ಬರೆಯುವುದು ಕಷ್ಟವಲ್ಲ. ಬಿಳಿಯ ಹಾಳೆ ಸಾಕು; ಛಾಪಾ ಕಾಗದ ಬೇಕಿಲ್ಲ. ಬರೆದವರು ರುಜು ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ಅವರೆದುರಿಗೇ ತಮ್ಮ ರುಜು ಹಾಕಬೇಕು. ಪಾಲು ಪಡೆಯುವವರು ಸಾಕ್ಷಿಗಳಾಗದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು, ಕಡೆಯದೇ ನಿಲ್ಲುತ್ತದೆ. ಒಂದು ಎಚ್ಚರ: ಕೂಡುಕುಟುಂಬದ ಆಸ್ತಿಯಲ್ಲಿ ನಮ್ಮ ಪಾಲನ್ನು ಮಾತ್ರ ಬರೆಯಬಹುದು. ಮುಸ್ಲಿಂ ಬಾಂಧವರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗವನ್ನು ಮೀರಿ ಬರೆಯುವಂತಿಲ್ಲ.

ಇರುವುದು ಒಂದು ಮನೆ, ಒಂದು ಠೇವಣಿಯೇ ಆಗಲಿ, ಆರೋಗ್ಯವಾಗಿರುವಾಗಲೇ ಬರೆದಿಡಿ. ಎಲ್ಲಿಟ್ಟಿದ್ದೀರೆಂದು ನಂಬಿಕೆಯವರೊಬ್ಬರಿಗೆ ತಿಳಿಸಿ. ಯಾರ ಋಣ ಎಷ್ಟೆಂಬುದು ನಿಮಗಲ್ಲದೆ ಬೇರೆ ಯಾರಿಗೂ ತಿಳಿಯದು.