ನಗರದ ಬಡವರೂ ನ್ಯಾಯಸಹಾಯವೂ

(ಉಪನ್ಯಾಸ)



ಹಸಿದವನಿಗೆ ಅನ್ನವನ್ನೂ ರೋಗಿಗೆ ಔಷಧವನ್ನೂ ಓದುವ ಬಾಲಕನಿಗೆ ಆಶ್ರಯವನ್ನೂ ಕೊಡುವುದು ಉಪಕಾರವೆಂಬುದನ್ನು ಎಲ್ಲರೂ ಬಲ್ಲರು. ಆದರೆ ನ್ಯಾಯಾಲಯದ ಕಾಗದವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಬರೆದುದೇನೆಂದು ತಿಳಿಯದೆ ಕಂಗೆಟ್ಟು ನಿಂತವನಿಗೆ ಅದನ್ನು ಓದಿ ಹೇಳುವುದೂ ಅಷ್ಟೇ ದೊಡ್ಡ ಉಪಕಾರವೆಂಬುದು ಬಹುಮಂದಿಯ ಗಮನಕ್ಕೆ ಬಂದಿರುವುದಿಲ್ಲ.

ಹಳ್ಳಿಯಲ್ಲಿ ಜಗಳ ಹುಟ್ಟಿದರೆ ಕೇಳುವ ಹಿರಿಯರುಂಟು. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ಕೂಲಿಗಾಗಿ ಬೆಂಗಳೂರಿಗೆ ಬಂದು ನೆಲಸಿದ ಸಂಸಾರಗಳಿಗೆ ಅಲ್ಲಿ ಅಂತಹ ಹಿರಿಯರಿಲ್ಲ. ದುಡಿದ ಕೂಲಿ ಕೈಸೇರದಿರಲಿ, ಬಾಡಿಗೆಮನೆಯ ಮುಂಗಡ ಹಣ ಹಿಂದಿರುಗದಿರಲಿ, ಗಂಡನು ಹೆಂಡತಿಮಕ್ಕಳನ್ನು ತೊರೆದು ಹೋಗಲಿ, ಯಾರಲ್ಲಿ ಮೊರೆಯಿಡಬೇಕೆಂಬುದೇ ಅವರಿಗೆ ತಿಳಿಯದು. ವಕೀಲರ ಫೀಸಿಗೆ ಹಣವಿಲ್ಲ. ಒಂದು ದಿನ ಕೋರ್ಟಿಗೆ ಹೋದರೆ ಆ ದಿನದ ಕೂಲಿಯಿಲ್ಲ. ಆದುದರಿಂದ ಹೋಗದೆ ಉಳಿಯುವರು. ಹೋಗದಿದ್ದರೆ ಬರುವ ಹಾನಿಯೇನು? ಸಿವಿಲ್ ದಾವೆಯ ಸಮನ್ಸು ತಲಪಿದ 30 ದಿನಗಳೊಳಗೆ ಪ್ರತಿವಾದಿಯು ಲಿಖಿತ ಉತ್ತರವನ್ನು ಸಲ್ಲಿಸತಕ್ಕದ್ದು. ಕಾರಣ ತೋರಿಸಿದರೆ ನ್ಯಾಯಾಧೀಶರು ಈ ಅವಧಿಯನ್ನು 90 ದಿನಗಳವರೆಗೆ ಬೆಳೆಸಬಹುದು. ಹಾಜರಾಗದವನ ವಿಷಯದಲ್ಲಿ ಎದುರುಪಕ್ಷದ ಮಾತನ್ನು ಮಾತ್ರ ಕೇಳಿ ಏಕಪಕ್ಷೀಯವಾಗಿ ತೀರ್ಪಾಗಬಹುದು. ಹೀಗೆ ಸತ್ಯವು ತನ್ನ ಕಡೆಗಿದ್ದರೂ ಬಡವನು ಸೋಲುವನು.

ಈ ಅಸಹಾಯಕತೆಯು ಎಷ್ಟು ಘೋರವಾಗಬಲ್ಲುದೆಂಬುದನ್ನು 1979ರ ಹುಸೇನಾರಾ ಖಾತೂನ್ ಪ್ರಕರಣವು ತೋರಿಸಿತು. ಬಿಹಾರದ ಸೆರೆಮನೆಗಳಲ್ಲಿ ಅನೇಕರು ವಿಚಾರಣೆಯೇ ನಡೆಯದೆ, ಅಪರಾಧವು ಸಿದ್ಧವಾಗಿದ್ದರೆ ವಿಧಿಸಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ಬಂಧನದಲ್ಲಿದ್ದರು. ಬಡ ಆರೋಪಿಗೆ ಉಚಿತವಾಗಿ ವಕೀಲರನ್ನು ಒದಗಿಸುವುದು ಸಂವಿಧಾನದ 21ನೆಯ ಅನುಚ್ಛೇದದಲ್ಲಿಯೇ ಅಡಗಿರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ಆಗ ಸಾರಿತು. ಇದಕ್ಕೆ ಮೊದಲೇ, 1976ರ ತಿದ್ದುಪಡಿಯಿಂದ, ಉಚಿತ ನ್ಯಾಯಸಹಾಯದ 39ಎ ಅನುಚ್ಛೇದವು ಸಂವಿಧಾನದಲ್ಲಿ ಸೇರಿತ್ತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ಹುಟ್ಟಿ, 1995ನೆಯ ನವೆಂಬರ್ 9ರಿಂದ ಜಾರಿಗೆ ಬಂದಿತು.

ಈ ಕಾಯಿದೆಯ ಮೇರೆಗೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಕಾರ್ಖಾನೆಯ ಕಾರ್ಮಿಕರು, ಅಂಗವಿಕಲರು, ಬಂಧನದಲ್ಲಿರುವವರು ಇವರೇ ಮೊದಲಾದವರಿಗೆ ವರಮಾನದ ಮಿತಿಯಿಲ್ಲ. ಉಳಿದವರ ವರಮಾನವು ಸರ್ಕಾರವು ಗೊತ್ತುಪಡಿಸಿದ ಮಿತಿಯೊಳಗಿರಬೇಕು. ಅದಕ್ಕೆ ಪ್ರಮಾಣಪತ್ರವೊಂದೇ ಸಾಮಾನ್ಯವಾಗಿ ಸಾಕು. ಅಕ್ಷರ ಬಾರದವರಾದರೆ ಕಚೇರಿಯವರೇ ವಿವರ ಕೇಳಿ, ಅರ್ಜಿಯನ್ನು ತುಂಬಿ, ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳತಕ್ಕದ್ದು. ನೇಮಕವಾದ ವಕೀಲರು ಪಕ್ಷಗಾರರಿಂದ ಫೀಸನ್ನು ಪಡೆಯಕೂಡದು. ಹೀಗಿರುವುದರಿಂದ ಇದು ಭಿಕ್ಷೆಯಲ್ಲ, ಹಕ್ಕು.

ಆದರೆ ಹಕ್ಕು ಇದೆಯೆಂದು ತಿಳಿಯದವನಿಗೆ ಹಕ್ಕಿದ್ದೇನು ಫಲ? ಕಾಯಿದೆಯು ಕಚೇರಿಯಲ್ಲಿರುವುದು, ಕಷ್ಟವು ಕೇರಿಯಲ್ಲಿರುವುದು. ಇವೆರಡರ ನಡುವೆ ನಡೆದಾಡುವವರು ಬೇಕು. ಇದನ್ನರಿತೇ 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಅರೆ ಕಾನೂನು ಸ್ವಯಂಸೇವಕರ ಯೋಜನೆಯನ್ನು ತಂದಿತು. ಇವರು ವಕೀಲರಲ್ಲ, ನ್ಯಾಯಾಲಯದಲ್ಲಿ ವಾದಿಸುವುದು ಇವರ ಕೆಲಸವಲ್ಲ. ನೆರೆಯವರ ಕಾಗದವನ್ನು ಓದಿ ಹೇಳುವುದು, ವಾಯಿದೆಯ ದಿನವನ್ನು ನೆನಪಿಸುವುದು, ಜಿಲ್ಲಾ ಪ್ರಾಧಿಕಾರದ ಅಥವಾ ತಾಲ್ಲೂಕು ಸಮಿತಿಯ ಕಚೇರಿಯವರೆಗೆ ಜೊತೆಗೆ ಹೋಗುವುದು, ಇಷ್ಟೇ. 15100 ಎಂಬ ದೂರವಾಣಿ ಸಂಖ್ಯೆಯನ್ನು ತಿಳಿಸಿಕೊಡುವುದೂ ಸೇವೆಯೇ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವು. ಲೋಕ ಅದಾಲತ್ತಿನಲ್ಲಿ ಖರ್ಚಿಲ್ಲದೆ ರಾಜಿಯಾಗುವುದುಂಟು. ಮೊದಲೇ ಕಟ್ಟಿದ ಕೋರ್ಟು ಶುಲ್ಕವೂ ಹಿಂದಿರುಗುವುದು. ಆದರೆ ಅಲ್ಲಿಯ ತೀರ್ಮಾನಕ್ಕೆ ಅಪೀಲಿಲ್ಲ. ಒಪ್ಪಿಗೆಯಿಲ್ಲದೆ ರಾಜಿಯಿಲ್ಲ; ಒಪ್ಪದವನು ತನ್ನ ವ್ಯಾಜ್ಯವನ್ನು ನ್ಯಾಯಾಲಯದಲ್ಲಿಯೇ ನಡೆಸಬಹುದು. ಬಡವನು ಅರ್ಥವಾಗದೆ ರುಜು ಹಾಕಿದರೆ ನಷ್ಟವು ಶಾಶ್ವತವಾಗುವುದು. ಆದಕಾರಣ ರುಜುವಿಗೆ ಮೊದಲು ಅವನ ಮಾತಿನಲ್ಲಿಯೇ ಅವನಿಗೆ ತಿಳಿಯಹೇಳುವ ನೆರೆಯವನೇ ನಿಜವಾದ ಬಂಧುವು.

ವಿದ್ಯಾವಂತರಾದ ಶಿಷ್ಯರು ನಗರದ ಕೇರಿಕೇರಿಗಳಲ್ಲಿಯೂ ಇರುವರು. ಅವರಲ್ಲಿ ಒಬ್ಬೊಬ್ಬರು ವಾರಕ್ಕೊಂದು ಸಂಜೆಯನ್ನು ಈ ಕಾರ್ಯಕ್ಕೆ ಮೀಸಲಿಟ್ಟರೆ, ಕಾಗದಕ್ಕೆ ಹೆದರಿ ಮನೆ ಬಿಡುವ ಸಂಸಾರವೊಂದಾದರೂ ಉಳಿಯುವುದು. ಕಲಿತ ಅಕ್ಷರಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆಯು ಯಾವುದಿದೆ?