ಒಪ್ಪಂದ ಒಡೆದ ಮೈತ್ರಿ

1919ರ ಫೆಬ್ರವರಿಯ ಒಂದು ಇರುಳು, ಇಂಗ್ಲೆಂಡಿನ ಲಿಂಕನ್ ಸೆರೆಮನೆಯ ಬೀಗದಲ್ಲಿ ಮೈಕೆಲ್ ಕಾಲಿನ್ಸನು ತಂದಿದ್ದ ನಕಲಿ ಕೀಲಿಕೈ ಮುರಿದುಹೋಗಲು, ಒಳಗಿದ್ದ ಐರಿಷ್ ನಾಯಕ ಡಿ ವಲೆರಾ ತನ್ನಲ್ಲಿದ್ದ ಕೀಲಿಕೈಯಿಂದ ಆ ತುಂಡನ್ನು ಹೊರದೂಡಿ ಪಾರಾದಾಗ, ಕಾಲಿನ್ಸನ ಪಕ್ಕದಲ್ಲಿ ನಿಂತಿದ್ದವನು ಅವನ ಪ್ರಾಣಸ್ನೇಹಿತ ಹ್ಯಾರಿ ಬೋಲಂಡ್. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಒಂದೇ ಅಪಾಯವನ್ನು ಹಂಚಿಕೊಂಡ ಈ ಈರ್ವರೂ ಗ್ರಾನಾರ್ಡ್ ಎಂಬ ಸಣ್ಣ ಊರಿನ ಕಿಟ್ಟಿ ಕೀರ್ನನ್ ಎಂಬ ತರುಣಿಯಲ್ಲಿ ಅನುರಕ್ತರಾದರು. ಆಕೆ ಒಪ್ಪಿದ್ದು ಕಾಲಿನ್ಸನನ್ನು. ಆ ಪ್ರಣಯಸ್ಪರ್ಧೆಯೂ ಮುರಿಯಲಾರದೆ ಹೋದ ಮೈತ್ರಿಯನ್ನು 1921ರ ಡಿಸೆಂಬರಿನ ಒಪ್ಪಂದ ಮುರಿಯಿತೆಂಬುದೇ ನನ್ನನ್ನು ಬಹುವಾಗಿ ಕಲಕುವ ಸಂಗತಿ.

ಬ್ರಿಟನ್ನಿನೊಡನೆ ಮಾಡಿಕೊಂಡ ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಕಾಲಿನ್ಸನೊಬ್ಬ. ಅದು ವಿಧಿಸಿದ, ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣವನ್ನು ಸಹಿಸಲಾರದೆ ಅದನ್ನು ವಿರೋಧಿಸಿದವರಲ್ಲಿ ಬೋಲಂಡನೊಬ್ಬ. 64ಕ್ಕೆ 57 ಮತಗಳಿಂದ ಐರ್ಲೆಂಡಿನ ಶಾಸನಸಭೆಯು ಅದನ್ನು ಅಂಗೀಕರಿಸಿದ ಕೆಲವೇ ತಿಂಗಳಲ್ಲಿ ಪರ-ವಿರೋಧಿಗಳ ನಡುವೆ ಅಂತಃಕಲಹ ಹೊತ್ತಿಕೊಂಡಿತು. ಸ್ಕೆರೀಸಿನ ಹೋಟೆಲೊಂದರಲ್ಲಿ ಬೋಲಂಡನನ್ನು ಬಂಧಿಸಬಂದ ಕಾಲಿನ್ಸನ ಪಕ್ಷದ ಸೈನಿಕರ ಗುಂಡು ತಗುಲಿ ಅವನು 1922ರ ಆಗಸ್ಟ್ ಆರಂಭದಲ್ಲಿ ಮೃತನಾದನು.

ಇತಿಹಾಸಕಾರರು ಇಲ್ಲಿಂದ ಮುಂದಿನ ಕದನಕ್ಕೆ ಧಾವಿಸುತ್ತಾರೆ. ನನಗಾದರೋ ಕಾಲಿನ್ಸನು ಕಿಟ್ಟಿಗೆ ಬರೆದ ಪತ್ರದ ಬಳಿ ನಿಲ್ಲಬೇಕೆನಿಸುತ್ತದೆ. ಗೆಳೆಯನ ಶವವಿದ್ದ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಬಾಗಿಲಲ್ಲಿ ನೆರೆದ ಜನರನ್ನು ಕಂಡುದನ್ನೂ, ತಾನು ಪುಷ್ಪಚಕ್ರ ಕಳುಹಿದರೆ ಅದು ಹರಿದು ಹಿಂದಿರುಗೀತೆಂಬ ಅಳಲನ್ನೂ ಅವನು ಅದರಲ್ಲಿ ತೋಡಿಕೊಂಡನು. ಆಗಸ್ಟ್ 22ರಂದು, ತನ್ನ ಹುಟ್ಟುನಾಡಾದ ಕಾರ್ಕ್ ಪ್ರಾಂತದಲ್ಲಿ, ಅವನೂ ಗುಂಡಿಗೆ ಬಲಿಯಾದನು. ಕಿಟ್ಟಿ 1925ರಲ್ಲಿ ಬೇರೊಬ್ಬನನ್ನು ವರಿಸಿ, ತನ್ನ ಮಗನೊಬ್ಬನಿಗೆ ಮೈಕೆಲ್ ಕಾಲಿನ್ಸ್ ಎಂದೇ ಹೆಸರಿಟ್ಟಳು.