ನೆಲಕ್ಕೆ ಹಬ್ಬುವ ಗುಲಾಬಿ



ಗುಲಾಬಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪ್ರದರ್ಶನದ ನೀಳವಾದ ಗಿಡ. ಅಂತಹ ಹನ್ನೆರಡನ್ನು ಮಾಯಕೊಂಡದ ನಮ್ಮ ಹಿತ್ತಿಲಲ್ಲಿ ನೆಟ್ಟು, ರಜೆ ತೀರಿದೊಡನೆ ನಾನು ಕಾಲೇಜಿಗೆ ಹೊರಟುಬಂದೆನು. ನೀರು ಹೊತ್ತವರು ವೃದ್ಧರಾದ ನಮ್ಮ ತಾಯಿಯವರು. ಎರಡನೆಯ ಬೇಸಿಗೆಯಲ್ಲಿ ಗಿಡಗಳೂ ಉಳಿಯಲಿಲ್ಲ, ಅವರ ಸೊಂಟವೂ ಸೋತಿತು. ತಪ್ಪು ಗುಲಾಬಿಯದಲ್ಲ, ಆರಿಸಿದ ನನ್ನದು.

ನೆಲವನ್ನು ಮುಚ್ಚಿ ಹಬ್ಬುವ ಗುಲಾಬಿಗಳೂ ಉಂಟು. 1932ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ದಿ ಫೇರಿ’ ಅವುಗಳಲ್ಲಿ ಪ್ರಸಿದ್ಧವಾದುದು: ಸುಮಾರು 2 ಅಡಿ ಎತ್ತರ, ಗೊಂಚಲು ಗೊಂಚಲಾದ ನಸುಗೆಂಪು ಹೂವು. ನಮ್ಮ ಹಿತ್ತಿಲಿನಂತಹ ಎರೆಮಣ್ಣಿನಲ್ಲಿ ನೀರು ನಿಲ್ಲುವುದರಿಂದ ಮಡಿಯನ್ನು ಗೇಣೆತ್ತರಕ್ಕೆ ಏರಿಸಬೇಕು. ಗರಿಕೆಯನ್ನು ಮೊದಲೇ ಬೇರುಸಹಿತ ತೆಗೆಯಬೇಕು. ಗಿಡ ಹಬ್ಬಿದಮೇಲೆ ಮುಳ್ಳು ಕೈಯಿಡಗೊಡದು. ಮುಂಗಾರಿನಲ್ಲಿ 3 ಅಡಿಗೊಂದರಂತೆ ನೆಟ್ಟು, ಬುಡಕ್ಕೆ ಶೇಂಗಾ ಸಿಪ್ಪೆಯನ್ನು ಹಾಸಿರಿ. ಮೊದಲ ವರ್ಷ ನೀರು ತಪ್ಪಬಾರದು; ಬೇರು ಆಳಕ್ಕಿಳಿದಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ತುಂಬ ಉಣಿಸಿದರೆ ಸಾಕು. ವರ್ಷಕ್ಕೊಮ್ಮೆ, ಮಳೆ ಕಳೆದಮೇಲೆ, ಒಣಕಡ್ಡಿಯನ್ನು ಸವರಬೇಕು. ಆರೈಕೆ ಕಡಮೆಯೆಂದರೆ ಆರೈಕೆಯೇ ಬೇಡವೆಂದಲ್ಲ.

ಈಗ ತಾಯಿಯವರು ಕೊಡ ಹೊರುವುದಿಲ್ಲ. ಕಟ್ಟೆಯ ಮೇಲೆ ಕುಳಿತೇ ಹೂ ಬಿಡಿಸುತ್ತಾರೆ. ತೋಟ ಮನೆಯವರಿಗಾಗಿಯೇ ಹೊರತು, ಮನೆಯವರು ತೋಟಕ್ಕಾಗಿ ಅಲ್ಲವೆಂಬುದನ್ನು ನಾನು ತಡವಾಗಿ ಕಲಿತೆನು.